ಸೈಕಲ್ ಕಟ್ಟೆ: ಯಾವ ಬೀಗ ಹಾಕಲಿ?

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಬೀಗದ್ದೇ. ಜೂನ್ ಅಂದರೆ ಹಾಗೇ. ಕಾಲೇಜು ಶುರು, ಮನೆಗೊಂದು ಹೊಸ ಸೈಕಲ್, ತಿಂಗಳೊಳಗೆ ನನಗೊಂದು ಕಾಗದ. ಗೇರು, ಬ್ರೇಕು, ಮಂಡಿ ನೋವಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಗ ಪಿಯುಸಿಗೆ ಸೇರಿದ್ದಾನೆ. 26,000 ರೂಪಾಯಿಯ ಗೇರ್ ಸೈಕಲ್ ಕೊಡಿಸಿದ್ದೇವೆ. ಬನಶಂಕರಿ ಮೆಟ್ರೊವರೆಗೆ ಸೈಕಲ್, ಅಲ್ಲಿಂದ ರೈಲು. ಸಂಜೆವರೆಗೂ ಸೈಕಲ್ ಅಲ್ಲೇ ನಿಂತಿರುತ್ತದೆ. ಅಂಗಡಿಯವರು ಒಂದು ವೈರ್ ಲಾಕ್ ಫ್ರೀ ಕೊಟ್ಟಿದ್ದಾರೆ. ಸಾಕಲ್ವಾ?
— ಒಬ್ಬ ತಾಯಿ, ಪದ್ಮನಾಭನಗರ

ಉತ್ತರ: ಸಾಲದು ತಾಯಿ. ಆ ವೈರ್ ಲಾಕ್ ಎಸೆಯಬೇಡಿ, ಬೇರೆ ಕೆಲಸಕ್ಕೆ ಬರುತ್ತದೆ. ಅದನ್ನು ಆಮೇಲೆ ಹೇಳುತ್ತೇನೆ. ಆದರೆ ಅದೊಂದನ್ನೇ ನಂಬಿ ಇಡೀ ದಿನ ಸೈಕಲ್ ಬಿಟ್ಟುಹೋಗುವುದು ಬಾಗಿಲಿಗೆ ದಾರ ಕಟ್ಟಿ ಊರಿಗೆ ಹೋದಂತೆ.

ಸುಮ್ನೆ ಹೇಳುತ್ತಿಲ್ಲ. ಹನುಮಂತನಗರದಲ್ಲಿ 31 ವರ್ಷ ಸೈಕಲ್ ಶಾಪ್ ನಡೆಸಿದವನು ನಾನು. ಪಂಕ್ಚರ್, ಓವರಾಯಿಲಿಂಗ್, ರಿಮ್ ಬೆಂಡ್ ತೆಗೆಯುವುದು ಅಂತ ಬೋರ್ಡಿನಲ್ಲಿ ಬರೆಸಿದ್ದೆ. ಬೋರ್ಡಿನಲ್ಲಿ ಇಲ್ಲದ ಕೆಲಸವೊಂದಿತ್ತು, ಕೀ ಕಳೆದುಕೊಂಡವರ ಬೀಗ ಕತ್ತರಿಸುವುದು. ವಾರಕ್ಕೆ ಇಬ್ಬರಾದರೂ ಬರುತ್ತಿದ್ದರು. ಹಿಂದಿನ ಚಕ್ರವನ್ನು ಎತ್ತಿಕೊಂಡು, ಮುಂದಿನದನ್ನು ಉರುಳಿಸಿಕೊಂಡು, ಬೆವರು ಒರೆಸಿಕೊಂಡು. ಹಾಗಾಗಿ ಯಾವ ಬೀಗ ಎಷ್ಟು ಹೊತ್ತು ತಡೆಯುತ್ತದೆ ಅನ್ನುವುದು ಕಳ್ಳನಷ್ಟೇ ನನಗೂ ಗೊತ್ತು.

ವೈರ್ ಲಾಕ್ ನೋಡಲು ಹೆಬ್ಬೆರಳು ದಪ್ಪ ಇರುತ್ತದೆ. ಅದರಲ್ಲಿ ಅರ್ಧ ಪ್ಲಾಸ್ಟಿಕ್ಕು. ಒಳಗಿರುವುದು ಸಣ್ಣ ಸಣ್ಣ ತಂತಿಗಳನ್ನು ಹೊಸೆದ ಹಗ್ಗ. ಒಳ್ಳೆಯ ಕೇಬಲ್ ಕಟ್ಟರ್ ಇದ್ದರೆ ಒಂದೆರಡು ಒತ್ತು ಅಷ್ಟೇ. ಶಬ್ದವೂ ಬರುವುದಿಲ್ಲ.

ಹಿಂದಿನ ಚಕ್ರಕ್ಕೆ ಕಚ್ಚಿಕೊಂಡಿರುವ ರಿಂಗ್ ಲಾಕ್ ನಮ್ಮ ಅಪ್ಪನ ಕಾಲದ್ದು. ಆಗಿನ ಸೈಕಲ್ಲು 20 ಕಿಲೋ ಮೀರಿದ ಕಬ್ಬಿಣ. ಹೊತ್ತುಕೊಂಡು ಓಡುವವರು ಯಾರು? ಚಕ್ರ ತಿರುಗದಿದ್ದರೆ ಸಾಕಿತ್ತು. ನಿಮ್ಮ ಮಗನ ಸೈಕಲ್ 14-15 ಕಿಲೋ ಇರಬಹುದು. ಎತ್ತಿ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋದರೆ ರಿಂಗ್ ಲಾಕ್ ಕೂಡ ಆಟೋದಲ್ಲೇ ಹೋಗುತ್ತದೆ.

ಚೈನ್ ಆದರೆ ದಪ್ಪ ನೋಡಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಚೈನ್ ಗೇಟಿಗೆ ಆಗುತ್ತದೆ, ಸೈಕಲ್ಲಿಗೆ ಬೇಡ. ಅದು ಮೆತ್ತಗಿನ ಕಬ್ಬಿಣ. ಎರಡು ಅಡಿ ಹಿಡಿಕೆಯ ಬೋಲ್ಟ್ ಕಟ್ಟರ್‌ಗೆ ಅದು ಬೆಂಡೆಕಾಯಿ ಲೆಕ್ಕ. ಹದ ಕೊಟ್ಟ ಉಕ್ಕಿನ, 10 ಎಂ.ಎಂ. ದಪ್ಪದ ಕೊಂಡಿಗಳಿರುವ ಸೈಕಲ್ ಚೈನೇ ಬೇರೆ ಸಿಗುತ್ತದೆ. ಚೆನ್ನಾಗಿದೆ, ಆದರೆ ತುಂಬಾ ಭಾರ. ಇನ್ನೂ ಒಂದು ತಪ್ಪು ಜನ ಮಾಡುತ್ತಾರೆ. ಒಳ್ಳೆ ಚೈನ್ ತಂದು ಅದಕ್ಕೆ ಅಡುಗೆಮನೆ ಬೀರುವಿನ ಬೀಗ ಹಾಕುತ್ತಾರೆ. ಆಗ ಕಳ್ಳ ಚೈನ್ ಮುಟ್ಟುವುದೇ ಇಲ್ಲ.

ಇನ್ನು ಯು-ಲಾಕ್. ಕೆಲವರು ಡಿ-ಲಾಕ್ ಅನ್ನುತ್ತಾರೆ, ಎರಡೂ ಒಂದೇ. ಕುದುರೆ ಲಾಳದ ಆಕಾರದ ಸರಳು, ಅದಕ್ಕೊಂದು ಅಡ್ಡಪಟ್ಟಿ. ನನ್ನ ಅಂಗಡಿಗೆ ಅದು ಮೊದಲ ಸಲ ಬಂದ ದಿನ ಚೆನ್ನಾಗಿ ನೆನಪಿದೆ. ಸಾಫ್ಟ್‌ವೇರ್ ಹುಡುಗನೊಬ್ಬ ಕೀ ಕಳೆದುಕೊಂಡಿದ್ದ. ನಾನು ಜಂಭದಿಂದ ಬೋಲ್ಟ್ ಕಟ್ಟರ್ ತೆಗೆದು ಮೈಯೆಲ್ಲ ಭಾರ ಹಾಕಿದೆ. ಬೀಗಕ್ಕೆ ಬಣ್ಣ ಹೋಯಿತು. ನನ್ನ ಕಟ್ಟರ್‌ನ ಬಾಯಿಯಲ್ಲಿ ಅಕ್ಕಿಕಾಳಿನಷ್ಟು ಕಚ್ಚು ಬಿತ್ತು! ಎಸ್.ಜೆ.ಪಿ. ರಸ್ತೆಯಿಂದ ತಂದ ಒಳ್ಳೆಯ ಕಟ್ಟರ್ ಅದು. ಕೊನೆಗೆ ಪಕ್ಕದ ವೆಲ್ಡಿಂಗ್ ಶಾಪಿನಿಂದ ಗ್ರೈಂಡರ್ ತಂದೆವು. ಹೂಕುಂಡದ ಹಾಗೆ ಕಿಡಿ, ಕಿವಿ ತೂತಾಗುವ ಶಬ್ದ. ಎದುರು ಮನೆಯ ಮಹಡಿಯಿಂದ ಇಬ್ಬರು ಇಣುಕಿದರು, ಕಾಫಿ ಅಂಗಡಿಯವರು ಎದ್ದು ಬಂದರು. ನಿಮ್ಮ ದುಡ್ಡು ಹೋಗಬೇಕಾದದ್ದು ಆ ಶಬ್ದಕ್ಕೇ.

ನೀವು ಯು-ಲಾಕ್ ತನ್ನಿ. ಸರಳು 13 ಎಂ.ಎಂ. ಇರಲಿ, ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು. ಅಡ್ಡಪಟ್ಟಿಯಲ್ಲಿ ಸರಳಿನ ಎರಡೂ ಕಾಲುಗಳು ಲಾಕ್ ಆಗುತ್ತವಾ ಅಂತ ಅಂಗಡಿಯಲ್ಲೇ ಕೇಳಿ. ಒಂದೇ ಕಾಲು ಲಾಕ್ ಆಗುವಂಥದ್ದಾದರೆ ಒಂದು ಕಡೆ ಕತ್ತರಿಸಿ ತಿರುಚಿದರೆ ಬಂದುಬಿಡುತ್ತದೆ. ಎರಡೂ ಕಾಲು ಲಾಕ್ ಆಗಿದ್ದರೆ ಸಾಮಾನ್ಯವಾಗಿ ಎರಡು ಸಲ ಕತ್ತರಿಸಬೇಕು. ಇನ್ನೊಂದು ಮಾತು, ದೊಡ್ಡದು ಒಳ್ಳೆಯದು ಅಂತ ದೊಡ್ಡದನ್ನು ತರಬೇಡಿ. ಬೀಗದ ಒಳಗೆ ಖಾಲಿ ಜಾಗ ಉಳಿದಷ್ಟೂ ಜಾಕ್ ಅಥವಾ ಪೈಪು ತೂರಿಸಿ ಮೀಟುವುದು ಸುಲಭ. ಸೈಕಲ್ಲು, ಕಂಬ ಎರಡೂ ತುಂಬಿಕೊಂಡು ಬೆರಳು ಹಾಕಲು ಮಾತ್ರ ಜಾಗ ಉಳಿಯುವಂತಿರಬೇಕು.

ಪ್ಯಾಕೆಟ್ ಮೇಲಿನ 8/10, 10/15 ನಂಬರುಗಳಿಗೆ ಮರುಳಾಗಬೇಡಿ. ಅದು ಆಯಾ ಕಂಪನಿ ತಾನೇ ಹಾಕಿಕೊಂಡ ಮಾರ್ಕು. ಒಂದು ಕಂಪನಿಯ 8 ಇನ್ನೊಂದು ಕಂಪನಿಯ 8 ಅಲ್ಲ. ಬ್ರಿಟನ್ನಿನ ಸೋಲ್ಡ್ ಸೆಕ್ಯೂರ್ ಅನ್ನುವ ಸಂಸ್ಥೆ ಬೀಗಗಳನ್ನು ಒಡೆದು ನೋಡಿ ಕಂಚು, ಬೆಳ್ಳಿ, ಚಿನ್ನ, ವಜ್ರ ಅಂತ ದರ್ಜೆ ಕೊಡುತ್ತದೆ. ನೆದರ್ಲೆಂಡ್ಸ್‌ನವರು ಎ.ಆರ್.ಟಿ. ಅಂತ ನಕ್ಷತ್ರ ಕೊಡುತ್ತಾರೆ. ಅಂಥ ಗುರುತಿದ್ದರೆ ಬೆಲೆ ಇದೆ. ನಿಮಗೆ ಬೆಳ್ಳಿ ಸಾಕು.

ಬೆಲೆಗೆ ಹಳೆಯ ಲೆಕ್ಕ ಒಂದಿದೆ, ಸೈಕಲ್ಲಿನ ಹತ್ತನೇ ಒಂದು ಭಾಗ. ನಿಮಗೆ 2,500 ರೂಪಾಯಿ ಸುಮಾರು. ಒಂದು ಕಿಲೋಗಿಂತ ಜಾಸ್ತಿ ತೂಕ ಇರುತ್ತದೆ. ಮಗ ಗೊಣಗುತ್ತಾನೆ. ಗೊಣಗಲಿ ಬಿಡಿ.

ಒಂದನ್ನು ಮುಚ್ಚಿಡುವುದಿಲ್ಲ. ಈಗ ಬ್ಯಾಟರಿ ಗ್ರೈಂಡರ್ ಬಂದಿದೆ. ಅದು 16 ಎಂ.ಎಂ. ಸರಳನ್ನೂ ಒಂದೆರಡು ನಿಮಿಷದಲ್ಲಿ ಕತ್ತರಿಸುತ್ತದೆ. ಗ್ರೈಂಡರ್ ಡಿಸ್ಕನ್ನೇ ಸವೆಸುವ ಹೊಸ ಬೀಗಗಳು ಹೊರದೇಶಗಳಲ್ಲಿ ಬಂದಿವೆ. ಬೆಲೆ ಕೇಳಿದರೆ ಇನ್ನೊಂದು ಸೈಕಲ್ಲೇ ಕೊಳ್ಳೋಣ ಅನ್ನಿಸುತ್ತದೆ. ಅದಕ್ಕೇ, ನಾಲ್ಕು ಜನ ಓಡಾಡುವ ಕಡೆ ನಿಲ್ಲಿಸಲು ಮಗನಿಗೆ ಹೇಳಿ. ಪಿಲ್ಲರ್ ಹಿಂದಿನ ಮೂಲೆ ಬೇಡ.

ಪ್ರಶ್ನೆ: ಮುಂದಿನ ಚಕ್ರಕ್ಕೂ ಕಂಬಕ್ಕೂ ಸೇರಿಸಿ ಗಟ್ಟಿ ಬೀಗ ಹಾಕಿದ್ದೆ. ಲೈಬ್ರರಿಯಿಂದ ಬಂದು ನೋಡಿದರೆ ಬೀಗ ಇದೆ, ಚಕ್ರ ಇದೆ, ಸೈಕಲ್ ಇಲ್ಲ! ಎಲ್ಲರೂ ನಗುತ್ತಿದ್ದಾರೆ.
— ವಿದ್ಯಾರ್ಥಿನಿ, ವಿಜಯನಗರ

ಉತ್ತರ: ನಾನು ನಗುವುದಿಲ್ಲ. ನಿಮ್ಮ ಬೀಗ ತನ್ನ ಕೆಲಸ ಮಾಡಿದೆ, ಚಕ್ರವನ್ನು ಕಾಪಾಡಿದೆ. ನೀವು ಅದಕ್ಕೆ ಒಪ್ಪಿಸಿದ್ದೇ ಅಷ್ಟು.

ಮುಂದಿನ ಚಕ್ರದ ನಡುವೆ ಒಂದು ಸಣ್ಣ ಹಿಡಿಕೆ ಇತ್ತಲ್ಲ, ಅದು ಕ್ವಿಕ್ ರಿಲೀಸ್. ಇಟಲಿಯ ತುಲ್ಲಿಯೊ ಕಂಪಾನ್ಯೊಲೊ ಎಂಬ ರೇಸ್ ಸವಾರ 1930ರ ಹೊತ್ತಿಗೆ ಮಾಡಿದ್ದು. ರೇಸಿನ ಮಧ್ಯೆ ಸ್ಪ್ಯಾನರ್ ಇಲ್ಲದೆ ಚಕ್ರ ಬಿಚ್ಚಲಿ ಅಂತ ಮಾಡಿದ. ಕಳ್ಳನಿಗೂ ಸ್ಪ್ಯಾನರ್ ಬೇಡ. ಊರಲ್ಲೇ ಓಡಿಸುವವರು ಅದನ್ನು ತೆಗೆಸಿ ಅಲೆನ್ ಕೀ ಹಾಕಿ ಬಿಗಿಯುವ ಸ್ಕ್ಯೂವರ್, ಅಂದರೆ ಚಕ್ರದ ನಡುವೆ ತೂರುವ ಕಡ್ಡಿ, ಹಾಕಿಸಿ. ಖರ್ಚು ಕಡಿಮೆ. ಸೀಟ್ ಪೋಸ್ಟಿಗೂ ಅಷ್ಟೇ. ಸೀಟಿಲ್ಲದ ಸೈಕಲ್ಲಿನ ಮೇಲೆ ನಿಂತುಕೊಂಡೇ ಗಾಂಧಿ ಬಜಾರಿನಿಂದ ನನ್ನ ಅಂಗಡಿವರೆಗೆ ತುಳಿದುಕೊಂಡು ಬಂದವರೊಬ್ಬರಿದ್ದರು.

ಇನ್ನು ಮುಂದೆ ಹೀಗೆ ಮಾಡಿ. ಸೀಟಿನ ಕೆಳಗೆ ಫ್ರೇಮಿನ ಮೂರು ಕೊಳವೆಗಳು ಸೇರಿ ಒಂದು ತ್ರಿಕೋನ ಆಗುತ್ತದೆ. ಹಿಂದಿನ ಚಕ್ರದ ಮುಂಭಾಗ ಆ ತ್ರಿಕೋನದೊಳಗೆ ತೂರಿಕೊಂಡಿರುತ್ತದೆ. ಅಲ್ಲಿ ರಿಮ್ಮಿಗೂ ಕಂಬಕ್ಕೂ ಸೇರಿಸಿ ಯು-ಲಾಕ್ ಹಾಕಿ. ಫ್ರೇಮನ್ನು ಬೀಗ ಮುಟ್ಟದೇ ಇದ್ದರೂ ಪರವಾಗಿಲ್ಲ. ಬೀಗ ಹಿಡಿದಿರುವ ರಿಮ್ಮು ಆ ತ್ರಿಕೋನದಿಂದ ಆಚೆ ಬರುವುದಿಲ್ಲ, ಹಾಗಾಗಿ ಫ್ರೇಮೂ ಎಲ್ಲಿಗೂ ಹೋಗುವುದಿಲ್ಲ. ಕಳ್ಳ ರಿಮ್ಮು, ಟೈರು ಕತ್ತರಿಸಿದರೆ ಸೈಕಲ್ ಸಿಗುತ್ತದೆ, ಆದರೆ ಉರುಳಿಸಿಕೊಂಡು ಹೋಗುವುದಕ್ಕೆ ಚಕ್ರವೇ ಇರುವುದಿಲ್ಲ. ಅಮೆರಿಕದ ಶೆಲ್ಡನ್ ಬ್ರೌನ್ ಅನ್ನುವ ಮೆಕ್ಯಾನಿಕ್ ಹೇಳಿಕೊಟ್ಟ ಉಪಾಯ ಇದು. ಆತ 2008ರಲ್ಲಿ ತೀರಿಕೊಂಡ. ನಾನು ಮೊದಲು ಓದಿದಾಗ ನಂಬಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಒಂದು ಸೈಕಲ್ಲಿಗೆ ಹಾಗೆ ಬೀಗ ಹಾಕಿ ಅರ್ಧ ಗಂಟೆ ಬಿಡಿಸಲು ನೋಡಿದೆ. ಆಗಲಿಲ್ಲ. ಫ್ರೇಮನ್ನೂ ಸೇರಿಸಿ ಹಾಕಲು ಆದರೆ ಮನಸ್ಸಿಗೆ ಇನ್ನೂ ಸಮಾಧಾನ.

ಉಳಿದದ್ದು ಮುಂದಿನ ಚಕ್ರ. ಪದ್ಮನಾಭನಗರದ ತಾಯಿಗೆ ಹೇಳಿದ ಫ್ರೀ ವೈರ್ ಲಾಕ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮುಂದಿನ ಚಕ್ರದೊಳಗೆ ತೂರಿಸಿ ಯು-ಲಾಕಿಗೆ ಸಿಕ್ಕಿಸಿ.

ಕಂಬದ ವಿಷಯ. ಬೀಗಕ್ಕೆ 3,000 ಕೊಟ್ಟು ಆರಡಿ ಎತ್ತರದ 'ನೋ ಪಾರ್ಕಿಂಗ್' ಕಂಬಕ್ಕೆ ಹಾಕುತ್ತಾರೆ. ಸೈಕಲ್ಲನ್ನು ಬೀಗದ ಸಮೇತ ಮೇಲಕ್ಕೆ ಎತ್ತಿದರೆ ಮುಗಿಯಿತು. ನಮ್ಮ ಬೆಂಗಳೂರಿನಲ್ಲಿ ಫುಟ್‌ಪಾತ್ ಅಗೆದು ಮುಚ್ಚಿದ ಕಡೆಯೆಲ್ಲ ಕಂಬಗಳು ಹಲ್ಲಿನ ಹಾಗೆ ಅಲ್ಲಾಡುತ್ತಿರುತ್ತವೆ. ಮೊದಲು ಕಂಬ ಹಿಡಿದು ಅಲ್ಲಾಡಿಸಿ, ಆಮೇಲೆ ಬೀಗ ತೆಗೆಯಿರಿ. ತಂತಿ ಬೇಲಿ ಬೇಡ. ಹೊಂಗೆ ಸಸಿ ಬೇಡ, ಪಾಪ ಅದರ ತೊಗಟೆಯೂ ಹೋಗುತ್ತದೆ. ಡಿಸ್ಕ್ ಬ್ರೇಕಿನ ತಟ್ಟೆಗೆ ಮಾತ್ರ ಬೀಗ ಸಿಕ್ಕಿಸುವವರನ್ನೂ ನೋಡಿದ್ದೇನೆ, ಅಯ್ಯೋ. ಬೀಗ ನೆಲಕ್ಕೆ ತಾಗುವಂತೆ ಇರಬಾರದು. ಕಟ್ಟರ್‌ನ ಒಂದು ಹಿಡಿಕೆಯನ್ನು ನೆಲಕ್ಕೆ ಊರಿ ಇನ್ನೊಂದರ ಮೇಲೆ ಮೈಭಾರ ಹಾಕಿದರೆ ಬಲ ಎಷ್ಟೋ ಪಾಲು ಹೆಚ್ಚುತ್ತದೆ. ನಾನೂ ಹಾಗೇ ಕತ್ತರಿಸುತ್ತಿದ್ದದ್ದು.

ಪ್ರಶ್ನೆ: ಕೀ ಮರೆಯುವ ವಯಸ್ಸು. ನಂಬರ್ ಲಾಕ್ ಹಾಕಬಹುದೇ?
— ನಿವೃತ್ತ ಮೇಷ್ಟ್ರು, ಮಲ್ಲೇಶ್ವರ

ಉತ್ತರ: ಮೇಷ್ಟ್ರೇ, ಲೆಕ್ಕ ನಿಮಗೇ ಬಿಡುತ್ತೇನೆ. ಮೂರು ಅಂಕಿಯ ಬೀಗಕ್ಕೆ ಒಟ್ಟು 1,000 ನಂಬರು. ಒಂದಕ್ಕೆ ಎರಡು ಸೆಕೆಂಡ್ ಹಿಡಿದರೂ ಎಲ್ಲ ಮುಗಿಸಲು 33 ನಿಮಿಷ. ನಾಲ್ಕು ಅಂಕಿ ಆದರೆ ಐದೂವರೆ ಗಂಟೆ. ಚೆನ್ನಾಗಿದೆ ಅನ್ನಿಸಿತಲ್ವಾ? ಆದರೆ ಯಾರೂ ಹಾಗೆ ಕೂತು ಎಣಿಸುವುದಿಲ್ಲ. ಅಗ್ಗದ ಬೀಗವನ್ನು ಎಳೆದು ಹಿಡಿದು ಒಂದೊಂದೇ ಚಕ್ರ ತಿರುಗಿಸಿದರೆ ಸರಿಯಾದ ಅಂಕಿಯ ಹತ್ತಿರ ಬೆರಳಿಗೆ ಒಂದು ತಡೆ ಗೊತ್ತಾಗುತ್ತದೆ. ನಂಬರ್ ಮರೆತವರಿಗೆ ನಾನೇ ಹಾಗೆ ತೆಗೆದುಕೊಟ್ಟಿದ್ದೇನೆ, ಬೀಗಕ್ಕೆ ಗೀರೂ ಬೀಳದಂತೆ.

ಅದಕ್ಕಿಂತ ದೊಡ್ಡ ದೋಷ ನಮ್ಮ ಸೋಮಾರಿತನ. ಬೀಗ ಹಾಕಿ ಕೊನೆಯ ಅಂಕಿಯನ್ನು ಮಾತ್ರ ಒಂದು ಮನೆ ಆಚೆ ತಿರುಗಿಸಿ ಹೊರಡುತ್ತೇವೆ. ಇಲ್ಲವೇ ಹುಟ್ಟಿದ ಇಸವಿ ಇಟ್ಟಿರುತ್ತೇವೆ. 19 ಅಂತ ಶುರುವಾಗುತ್ತದೆ ಅನ್ನುವುದನ್ನು ನಿಮ್ಮ ಬಿಳಿ ಕೂದಲೇ ಹೇಳುತ್ತದೆ!

8ನೇ ಕ್ರಾಸಿನಲ್ಲಿ ಸೊಪ್ಪು ಕೊಂಡು ಬರುವಷ್ಟು ಹೊತ್ತಿಗೆ ನಂಬರ್ ಲಾಕ್ ಧಾರಾಳ ಸಾಕು. ಅದಕ್ಕಿಂತ ಜಾಸ್ತಿ ಹೊತ್ತಾದರೆ ಕೀ ಬೀಗವೇ ಬೇಕು. ನಮ್ಮ ಅಜ್ಜ ಪೆಟ್ಟಿಗೆಯ ಕೀಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ಒಂದು ದಿನವೂ ಮರೆಯಲಿಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ಚಿಕ್ಕಪ್ಪ ತಮ್ಮ ಹಳೆಯ ಯು-ಲಾಕ್ ಕೊಟ್ಟಿದ್ದಾರೆ. ಗುಂಡಗೆ ಕೊಳವೆಯಂಥ ಕೀ. ಬಳಸಬಹುದೇ?
— ಓದುಗ, ಆರ್.ಟಿ. ನಗರ

ಉತ್ತರ: ಎಷ್ಟು ಹಳೆಯದು ಕೇಳಿ. 2004ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಗಲಾಟೆ ಆಯಿತು. ಕ್ರಿಪ್ಟೊನೈಟ್ ಅನ್ನುವ ಹೆಸರುವಾಸಿ ಕಂಪನಿಯ ಗುಂಡು ಕೀ ಬೀಗಗಳನ್ನು ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆ ತುರುಕಿ ತಿರುಗಿಸಿದರೆ ತೆರೆಯಬಹುದು ಅಂತ ಗೊತ್ತಾಯಿತು. ಮೆತ್ತಗಿನ ಪ್ಲಾಸ್ಟಿಕ್ಕು ಒಳಗಿನ ಪಿನ್ನುಗಳ ಅಳತೆಗೆ ತಾನೇ ಅಚ್ಚು ಒತ್ತಿಕೊಳ್ಳುತ್ತಿತ್ತು. ಕಂಪನಿ ಆ ಬೀಗಗಳನ್ನು ವಾಪಸ್ ಪಡೆದು ಬೇರೆ ಕೊಟ್ಟಿತು. ನಿಮ್ಮದು ಅದಕ್ಕಿಂತ ಹಿಂದಿನದಾದರೆ ಗೇಟಿಗೂ ಬೇಡ. ಈಗಿನ ಒಳ್ಳೆಯ ಯು-ಲಾಕ್‌ಗಳಲ್ಲಿ ಚಪ್ಪಟೆ ಕೀ ಇರುತ್ತದೆ, ಒಳಗೆ ಪಿನ್ನಿನ ಬದಲು ತಿರುಗುವ ಬಿಲ್ಲೆಗಳು. ಕಬ್ಬಿಣ ಗಟ್ಟಿ ಇದೆ ಅಂತ ಹಳೆಯದನ್ನು ನಂಬಿ ಕೂರಬೇಡಿ. ಪೆನ್ನು 10 ರೂಪಾಯಿಗೆ ಸಿಗುತ್ತದೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕ್ಯಾಮೆರಾ ಇದೆ, ಸೆಕ್ಯುರಿಟಿ ಇದ್ದಾರೆ. ಅಲ್ಲೂ ಬೀಗ ಬೇಕಾ?
— ಗೃಹಿಣಿ, ಬೆಳ್ಳಂದೂರು

ಉತ್ತರ: ಅಲ್ಲೇ ಬೇಕು. ರಸ್ತೆಯಲ್ಲಿ ಕಳ್ಳನಿಗೆ ನಿಮಿಷದ ಲೆಕ್ಕ, ಬೇಸ್‌ಮೆಂಟಿನಲ್ಲಿ ಇಡೀ ರಾತ್ರಿ. ಕ್ಯಾಮೆರಾದಲ್ಲಿ ಸಿಗುವುದು ಒಂದು ಟೋಪಿ, ಒಂದು ಮಾಸ್ಕು, ಮತ್ತು ಗಂಟೆ 3.40. ಪಿಲ್ಲರು ತೀರಾ ದಪ್ಪ, ಯಾವ ಬೀಗವೂ ಸುತ್ತುವುದಿಲ್ಲ. ಅದಕ್ಕೇ ಎಲ್ಲರೂ ಚಕ್ರಕ್ಕೊಂದು ಬೀಗ ಹಾಕಿ ಗೋಡೆಗೆ ಒರಗಿಸಿ ಹೋಗುತ್ತಾರೆ. ಅಸೋಸಿಯೇಷನ್ ಮೀಟಿಂಗಿನಲ್ಲಿ ಕೇಳಿ, ನೆಲಕ್ಕೆ ಬೋಲ್ಟ್ ಹೊಡೆದ ಕಬ್ಬಿಣದ ಸ್ಟ್ಯಾಂಡ್ ಹಾಕಿಸಿ. ಬೋಲ್ಟಿನ ತಲೆಯನ್ನು ವೆಲ್ಡ್ ಮಾಡಿಸುವುದು ಮರೆಯಬೇಡಿ, ಇಲ್ಲದಿದ್ದರೆ ಸ್ಪ್ಯಾನರ್ ತಂದು ಸ್ಟ್ಯಾಂಡನ್ನೇ ಬಿಚ್ಚುತ್ತಾರೆ. ಮನೆಯೊಳಗೆ, ಬಾಲ್ಕನಿಯಲ್ಲಿ ಜಾಗ ಇದ್ದರೆ ಅದಕ್ಕಿಂತ ಒಳ್ಳೆಯ ಬೀಗ ಇಲ್ಲ.

ಮತ್ತೆ ಸೈಕಲ್ಲಿನ ಧೂಳು ಒರೆಸಿ. ಗಾಳಿ ಹೋಗಿ ಧೂಳು ಕೂತ ಸೈಕಲ್ಲನ್ನು ಒಯ್ದರೆ ತಿಂಗಳವರೆಗೆ ಯಾರೂ ಕೇಳುವುದಿಲ್ಲ ಅಂತ ಕಳ್ಳನಿಗೆ ಗೊತ್ತಿರುತ್ತದೆ.

ಪ್ರಶ್ನೆ: ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡಬಹುದೇ?
— ಓದುಗರು, ಕೆಂಗೇರಿ

ಉತ್ತರ: ತಲೆಗೆ ಬಿಡಿ. ಬೀಗದೊಳಗೆ ಅದು ಧೂಳು ಸೇರಿಸಿಕೊಂಡು ಹಲ್ವಾ ಆಗುತ್ತದೆ, ಡಿಸೆಂಬರ್ ಚಳಿಗೆ ಗಟ್ಟಿಯೂ ಆಗುತ್ತದೆ. ಪೆನ್ಸಿಲ್ ಸೀಸವನ್ನು ಪುಡಿ ಮಾಡಿ ಕೀಗೆ ಸವರಿ ನಾಲ್ಕು ಸಲ ತಿರುಗಿಸಿ. ಅದು ಗ್ರಾಫೈಟ್, ಎಣ್ಣೆಯಂತೆ ಜಾರುತ್ತದೆ, ಧೂಳು ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಕೀ ತೂತು ಕೆಳಮುಖವಾಗಿರಲಿ.

ಪ್ರಶ್ನೆ: ಸೈಕಲ್ ಕಳುವಾಯಿತು. ಸೈಕಲ್ಲಿಗೆಲ್ಲ ಪೊಲೀಸ್ ಕಂಪ್ಲೇಂಟ್ ಕೊಡುತ್ತಾರಾ? ಏರ್‌ಟ್ಯಾಗ್ ಇಟ್ಟಿದ್ದರೆ ಸಿಗುತ್ತಿತ್ತಾ?
— ಓದುಗ, ಹೆಬ್ಬಾಳ

ಉತ್ತರ: ಕೊಡಬೇಕು. ಬರೆದು ಕೊಡಿ, ಎಫ್.ಐ.ಆರ್. ಆದರೆ ಅದರ ಪ್ರತಿ ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು. 2024ರ ಜುಲೈ 1ರಿಂದ ಕಳವಿಗೆ ಹಳೆಯ ಐ.ಪಿ.ಸಿ.ಯ 379ನೇ ಸೆಕ್ಷನ್ ಹೋಗಿ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಬಂದಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವನ್ನು ಅದು ಬೇರೆ ತಕ್ಕಡಿಯಲ್ಲಿ ತೂಗುತ್ತದೆ. ಹಾಗಾಗಿ ಬೆಲೆ ತೋರಿಸುವ ಬಿಲ್ ಮುಖ್ಯ. ಅದಕ್ಕಿಂತ ಮುಖ್ಯ ಫ್ರೇಮ್ ನಂಬರ್. ಸೈಕಲ್ ತಲೆಕೆಳಗು ಮಾಡಿ, ಪೆಡಲ್ ತಿರುಗುವ ಜಾಗದ ಅಡಿಯಲ್ಲಿ ಸಾಮಾನ್ಯವಾಗಿ ಒತ್ತಿರುತ್ತಾರೆ. 'ಕಪ್ಪು ಸೈಕಲ್, ಕೆಂಪು ಗೆರೆ' ಅಂತ ಬರೆದರೆ ಪೊಲೀಸರು ಊರಿನ ಯಾವ ಸೈಕಲ್ ಹಿಡಿಯಬೇಕು? ಈ ಪುಟ ಓದುತ್ತಿರುವ ಉಳಿದವರು ಇವತ್ತೇ ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ಏರ್‌ಟ್ಯಾಗ್ ಅಂದರೆ ಆಪಲ್ ಕಂಪನಿಯ, ಜಾಗ ತೋರಿಸುವ ಪುಟ್ಟ ಬಿಲ್ಲೆ. ಅದು ಬೀಗ ಅಲ್ಲ. ಎಲ್ಲಿ ಹೋಯಿತು ಅಂತ ಹೇಳುತ್ತದೆ, ಅದೂ ಹತ್ತಿರದಲ್ಲಿ ಆ ಕಂಪನಿಯ ಫೋನುಗಳು ಓಡಾಡುತ್ತಿದ್ದರೆ. ಗೊತ್ತಿಲ್ಲದ ಟ್ಯಾಗ್ ಜೊತೆಗಿದ್ದರೆ ಈಗ ಫೋನುಗಳೇ ಎಚ್ಚರಿಸುತ್ತವೆ, ಕಳ್ಳನಿಗೂ. ಇಡುವುದಾದರೆ ಸೀಟಿನ ಅಡಿ ಇಡಿ, ಲೋಹದ ಕೊಳವೆಯೊಳಗೆ ಬೇಡ. ಫೋನು ಜಾಗ ತೋರಿಸಿತು ಅಂತ ಒಬ್ಬರೇ ನುಗ್ಗಬೇಡಿ. ಪೊಲೀಸರ ಜೊತೆ ಹೋಗಿ.

ಪ್ರಶ್ನೆ: ಕೀ ಕಳೆದುಹೋಯಿತು. ಬೀಗ ಕತ್ತರಿಸಿಕೊಡಿ ಅಂದರೆ ಮೆಕ್ಯಾನಿಕ್ ಬಿಲ್ ಎಲ್ಲಿ, ಆಧಾರ್ ಎಲ್ಲಿ ಅಂತ ಕೇಳುತ್ತಾನೆ. ನನ್ನ ಸೈಕಲ್ಲಿಗೆ ನಾನೇ ಕಳ್ಳನಾ?
— ಯುವಕ, ಗಿರಿನಗರ

ಉತ್ತರ: ಕೋಪ ಇಳಿಸಿಕೊಳ್ಳಿ. ಆತ ಸರಿಯಾದ ಮನುಷ್ಯ.

ನಾನು ಮೊದಲು ಹಾಗೆ ಕೇಳುತ್ತಿರಲಿಲ್ಲ. ಒಂದು ಮಳೆಯ ಸಂಜೆ ಸ್ಕೂಲ್ ಯೂನಿಫಾರ್ಮಿನ ಹುಡುಗನೊಬ್ಬ ಹಿಂದಿನ ಚಕ್ರ ಎತ್ತಿಕೊಂಡು ಬಂದ. ತೊಪ್ಪೆಯಾಗಿದ್ದ. ಕೀ ಚರಂಡಿಗೆ ಬಿತ್ತು, ಮನೆಯಲ್ಲಿ ಹೊಡೆಯುತ್ತಾರೆ ಅಂದ. ಅಯ್ಯೋ ಪಾಪ ಅಂತ ಕತ್ತರಿಸಿದೆ. ಚಕ್ರಕ್ಕೆ ಗಾಳಿಯನ್ನೂ ಹೊಡೆದುಕೊಟ್ಟೆ.

ನಾಲ್ಕು ದಿನ ಆದಮೇಲೆ ವಯಸ್ಸಾದವರೊಬ್ಬರು ಸೆಕೆಂಡ್‌ಹ್ಯಾಂಡ್ ಸೈಕಲ್ ಕೇಳಿಕೊಂಡು ಬಂದರು. ಬೆಳಗ್ಗೆ ಮನೆಮನೆಗೆ ಪೇಪರ್ ಹಾಕುವವರು. ಇದ್ದದ್ದು ಹೋಯಿತು ಅಂದರು. ಮಾತಿನ ನಡುವೆ ಸೀಟಿನ ಕವರ್ ವಿಷಯ ಬಂತು. ಹೆಂಡತಿ ಹಳೆಯ ನೀಲಿ ಸೀರೆಯಲ್ಲಿ ಹೊಲಿದುಕೊಟ್ಟಿದ್ದಂತೆ, ಅಂಚಿನ ಜರಿ ಹಿಂದೆ ಬರುವ ಹಾಗೆ. ನನ್ನ ಕೈ ಅಲ್ಲೇ ನಿಂತಿತು. ಮಳೆಯಲ್ಲಿ ಆ ಜರಿ ಹೊಳೆಯುತ್ತಿದ್ದದ್ದನ್ನು ನಾನು ನೋಡಿದ್ದೆ.

ಮುಚ್ಚಿಡಲು ಆಗಲಿಲ್ಲ, ಹೇಳಿಬಿಟ್ಟೆ. ಅವರು ಬಯ್ಯಲಿಲ್ಲ. "ಎಷ್ಟು ತಗೊಂಡ್ರಿ?" ಅಂತ ಕೇಳಿದರು. 20 ರೂಪಾಯಿ ಅಂದೆ. ತಲೆ ಆಡಿಸಿದರು, ಅಷ್ಟೇ. ಅಂಗಡಿಯಲ್ಲಿದ್ದ ಒಂದು ಹಳೆಯ ಸೈಕಲ್ ಕೊಟ್ಟೆ. ದುಡ್ಡು ಬೇಡ ಅಂದರೂ ಕೇಳದೆ ತಿಂಗಳಿಗೆ 100ರಂತೆ ತಂದುಕೊಟ್ಟರು. ಅವರು ಬರುವ ತಾರೀಖು ಹತ್ತಿರ ಬಂದರೆ ನನಗೆ ಸಂಕಟ ಆಗುತ್ತಿತ್ತು.

ಮಾರನೇ ದಿನವೇ ಒಂದು ನೋಟ್‌ಬುಕ್ ಇಟ್ಟೆ. ಹೆಸರು, ವಿಳಾಸ, ಫ್ರೇಮ್ ನಂಬರ್, ಬಿಲ್ ನೋಡಿದ್ದಕ್ಕೆ ಗುರುತು. ಬಿಲ್ ಇಲ್ಲದವರು ಸೈಕಲ್ ಅಂಗಡಿಯಲ್ಲಿ ಬಿಟ್ಟು ಹೋಗಿ ಮನೆಯ ದೊಡ್ಡವರನ್ನು ಕರೆದುಕೊಂಡು ಬರಬೇಕು. ಎಷ್ಟೋ ಜನ ನಿಮ್ಮ ಹಾಗೇ ರೇಗಿದರು. ಇಬ್ಬರು ಸೈಕಲ್ ಬಿಟ್ಟು ಹೋದವರು ವಾಪಸ್ ಬರಲೇ ಇಲ್ಲ. ಅವೆರಡನ್ನೂ ಸ್ಟೇಷನ್ನಿಗೆ ಒಪ್ಪಿಸಿದೆ.

ನಿಮ್ಮ ಬೀಗದ ಪ್ಯಾಕೆಟ್ಟಿನಲ್ಲಿ ಕೀ ನಂಬರಿನ ಚೀಟಿ ಇದೆಯಾ ನೋಡಿ. ಕೆಲವು ಕಂಪನಿಗಳು ಆ ನಂಬರಿಗೆ ಹೊಸ ಕೀ ಮಾಡಿಕೊಡುತ್ತವೆ, ಕತ್ತರಿಸುವುದೇ ಬೇಡ. ಇಲ್ಲದಿದ್ದರೆ ಬಿಲ್ ತೆಗೆದುಕೊಂಡು ಅದೇ ಮೆಕ್ಯಾನಿಕ್ ಹತ್ತಿರ ಹೋಗಿ. ಆತ ಕತ್ತರಿಸುವಾಗ ವಾಚ್ ನೋಡುತ್ತಿರಿ. ನಿಮ್ಮ ಬೀಗ ಎಷ್ಟು ಹೊತ್ತು ತಡೆಯಿತು ಅಂತ ಗೊತ್ತಾದರೆ ಹೊಸದು ಕೊಳ್ಳುವಾಗ ನನಗೆ ಕಾಗದ ಬರೆಯುವ ಕೆಲಸ ಇರುವುದಿಲ್ಲ.